ಸಿಆರ್‌ಎ ಆಗಬೇಕಾ? ಮೊದಲು ಆಸ್ಪತ್ರೆಯ ಬಾಗಿಲು ತಟ್ಟಿ

ಪ್ರಶ್ನೆ: ನಾನು ದಾವಣಗೆರೆಯವಳು. ಈ ವರ್ಷ ಬಿ.ಫಾರ್ಮ ಮುಗಿಸಿದೆ. ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್, ಅಂದರೆ ಸಿಆರ್‌ಎ ಆಗಬೇಕು ಅಂತ ಆಸೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಆರು ತಿಂಗಳ ಡಿಪ್ಲೊಮಾಗೆ ಒಂದೂಕಾಲು ಲಕ್ಷ ಕೇಳುತ್ತಿದ್ದಾರೆ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತಾರೆ. ಆದರೆ ಜಾಹೀರಾತು ನೋಡಿದರೆ ಸಿಆರ್‌ಎ ಕೆಲಸಕ್ಕೆಲ್ಲ ಅನುಭವ ಬೇಕು ಅಂತಲೇ ಇರುತ್ತದೆ. ಅಪ್ಪ ಸಾಲ ಮಾಡಿಯಾದರೂ ಸೇರಿಸುತ್ತೇನೆ ಅಂತಾರೆ. ಅಮ್ಮನಿಗೆ ಊರೂರು ಸುತ್ತುವ ಕೆಲಸ ಅಂದರೆ ಭಯ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಸುಮಾರು. ಏನು ಮಾಡಲಿ?

ಉತ್ತರ: ಸಾಲಕ್ಕೆ ಈಗಲೇ ಸಹಿ ಹಾಕುವುದು ಬೇಡ ಅಂತ ಮೊದಲು ಅಪ್ಪನಿಗೆ ಹೇಳಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಆ ಇನ್‌ಸ್ಟಿಟ್ಯೂಟ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಡಿಪ್ಲೊಮಾ ಮಾಡಿ ಒಳ್ಳೆಯ ಸಿಆರ್‌ಎ ಆದವರನ್ನು ನಾನೇ ನೋಡಿದ್ದೇನೆ. ಆದರೆ ಕೆಲಸದ ಗ್ಯಾರಂಟಿ ಅನ್ನುವ ಮಾತು ಬಂದ ಕೂಡಲೇ ಒಂದು ಪ್ರಶ್ನೆ ಕೇಳಿ: ಹೋದ ಬ್ಯಾಚಿನವರು ಯಾವ ಹುದ್ದೆಗೆ ಸೇರಿದರು? ಅವರಲ್ಲಿ ಮೂರು ಜನರ ಜೊತೆ ನಾನು ಮಾತಾಡಬಹುದಾ? ಅವರು ಹೇಳುವ ‘ಪ್ಲೇಸ್‌ಮೆಂಟ್’ ಮೆಡಿಕಲ್ ಕೋಡಿಂಗ್ ಆಗಿರಬಹುದು, ಡೇಟಾ ಎಂಟ್ರಿ ಆಗಿರಬಹುದು. ಅದೂ ಕೆಲಸವೇ, ಆದರೆ ನೀವು ಕೇಳಿದ ಕೆಲಸ ಅಲ್ವಲ್ಲ. ಇನ್ನು ಆಫರ್ ಲೆಟರ್ ಕೊಡುವುದಕ್ಕೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಿ.

ನೀವು ಜಾಹೀರಾತಿನಲ್ಲಿ ನೋಡಿದ್ದು ಸರಿಯಾಗೇ ಇದೆ. ಕಾಲೇಜಿನಿಂದ ನೇರ ಬಂದವರಿಗೆ ಸಿಆರ್‌ಎ ಕೆಲಸ ಸಿಗುವುದು ಬಹಳ ಅಪರೂಪ. ಅದಕ್ಕೆ ಕಾರಣ ಇದೆ.

ಒಂದು ಕಂಪನಿ ಹೊಸ ಔಷಧಿ ಮಾಡುತ್ತದೆ. ಅದೇ ಸ್ಪಾನ್ಸರ್. ಆ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್ ನಡೆಯುವುದು ಆಸ್ಪತ್ರೆಯಲ್ಲಿ, ಅದು ಸೈಟ್. ಅಲ್ಲಿ ಜವಾಬ್ದಾರಿ ಹೊತ್ತ ಡಾಕ್ಟರು ಪಿಐ. ದಿನದಿನದ ಕೆಲಸವೆಲ್ಲ ಕೋಆರ್ಡಿನೇಟರ್ ಕೈಯಲ್ಲಿ, ಅವರನ್ನು ಸಿಆರ್‌ಸಿ ಅಂತೀವಿ. ಸಿಆರ್‌ಎ ಬರುವುದು ಸ್ಪಾನ್ಸರ್ ಕಡೆಯಿಂದ, ಇಲ್ಲವೇ ಸ್ಪಾನ್ಸರ್ ಕೆಲಸ ವಹಿಸಿಕೊಟ್ಟ ಸಿಆರ್‌ಒ ಕಂಪನಿಯಿಂದ. ರೋಗಿಗೆ ಅನ್ಯಾಯ ಆಗಿಲ್ಲ ತಾನೇ, ಪ್ರೋಟೋಕಾಲ್‌ನಲ್ಲಿ, ಅಂದರೆ ಟ್ರಯಲ್ ಹೇಗೆ ನಡೆಸಬೇಕು ಅಂತ ಬರೆದಿಟ್ಟ ಯೋಜನೆಯಲ್ಲಿ ಇದ್ದಂತೆ ನಡೆದಿದೆಯಾ, ಕಂಪ್ಯೂಟರಿಗೆ ಹಾಕಿದ ಅಂಕಿ ರೋಗಿಯ ಫೈಲಿನಲ್ಲಿ ನಿಜವಾಗಿ ಇದೆಯಾ? ಇಷ್ಟನ್ನು ನೋಡುವುದು ಅವರ ಕೆಲಸ. ಸೈಟ್ ಆಯ್ಕೆ ಮಾಡುವಾಗ ಹೋಗುತ್ತಾರೆ, ಶುರು ಮಾಡುವಾಗ ಹೋಗುತ್ತಾರೆ, ನಡುವೆ ಹಲವು ಸಲ ಹೋಗುತ್ತಾರೆ, ಮುಚ್ಚುವಾಗಲೂ ಹೋಗುತ್ತಾರೆ.

ಕೇಳಲು ಸುಲಭ. ನಿಜವಾಗಿ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ.

ನಾನು ಸಿಆರ್‌ಎ ಆಗಿ ಹೋದ ಒಂದು ಸೈಟ್‌ನಲ್ಲಿ ಟ್ರಯಲ್ ಇಂಜೆಕ್ಷನ್ ಇಟ್ಟ ಫ್ರಿಜ್ ಇತ್ತು. 2ರಿಂದ 8 ಡಿಗ್ರಿ ಒಳಗೆ ಇರಬೇಕು. ಬಾಗಿಲಿಗೆ ಟೆಂಪರೇಚರ್ ಹಾಳೆ ಅಂಟಿಸಿದ್ದರು. ಇಡೀ ತಿಂಗಳು ಬೆಳಗ್ಗೆ 5 ಡಿಗ್ರಿ, ಸಂಜೆ 5 ಡಿಗ್ರಿ. ಒಂದೇ ನೀಲಿ ಪೆನ್ನು, ಒಂದೇ ಓರೆಯ ಸಹಿ. ಹಾಳೆ ಎಷ್ಟು ಚೆಂದ ಇತ್ತು ಅಂದರೆ ಚೌಕಟ್ಟು ಹಾಕಿಸಬಹುದಿತ್ತು. ನಾನು ಕ್ಯಾಲೆಂಡರ್ ತೆಗೆದೆ. ನಾಲ್ಕು ಭಾನುವಾರಕ್ಕೂ ಸಹಿ ಇದೆ, ಆಯುಧಪೂಜೆಯ ದಿನಕ್ಕೂ ಇದೆ. ಸಿಸ್ಟರ್ ಹತ್ತಿರ ಸುಮ್ನೆ ಕೇಳಿದೆ, ‘ಭಾನುವಾರ ಈ ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತೆ?’ ‘ಕೋಆರ್ಡಿನೇಟರ್ ಹತ್ತಿರ ಮೇಡಂ, ಅವರು ಭಾನುವಾರ ಬರಲ್ಲ’ ಅಂದರು.

ಫ್ರಿಜ್ ಒಳಗೆ ತಾನಾಗೇ ಟೆಂಪರೇಚರ್ ದಾಖಲಿಸುವ ಪುಟ್ಟ ಡೇಟಾ ಲಾಗರ್ ಇತ್ತು. ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ಒಂದು ಶನಿವಾರ ಸಂಜೆ ಕರೆಂಟ್ ಹೋಗಿ 11 ಡಿಗ್ರಿ ತನಕ ಏರಿದೆ. ಹಾಳೆಯಲ್ಲಿ ಮಾತ್ರ 5. ಆಮೇಲೆ ಏನೇನು ಆಯಿತು? ಆ ಡಬ್ಬಗಳನ್ನೆಲ್ಲ ಬೇರೆ ಎತ್ತಿಟ್ಟು, ಯಾರಿಗೂ ಕೊಡಬಾರದು ಅಂತ ಚೀಟಿ ಹಚ್ಚಿದೆವು. ಸ್ಪಾನ್ಸರ್‌ಗೆ ಅವತ್ತೇ ತಿಳಿಸಿದೆ. ಆ ಶನಿವಾರದ ನಂತರ ಯಾವ ರೋಗಿಗೆ ಯಾವ ಡಬ್ಬದಿಂದ ಕೊಟ್ಟಿದ್ದಾರೆ ಅಂತ ಒಂದೊಂದಾಗಿ ಹುಡುಕಿದೆವು. ಡೀವಿಯೇಷನ್, ಅಂದರೆ ನಿಯಮ ತಪ್ಪಿದ್ದರ ದಾಖಲೆ ಬರೆದೆವು. ಕೋಆರ್ಡಿನೇಟರ್ ಹುಡುಗ ಅಳುಮುಖ ಮಾಡಿಕೊಂಡು ನಿಂತಿದ್ದ. ಅವನ ಮೇಲೆ ಕೂಗಾಡಿದ್ದರೆ ಮುಂದಿನ ಸಲ ಇನ್ನೂ ಜಾಣತನದಿಂದ ಮುಚ್ಚಿಡುತ್ತಿದ್ದ, ಅಷ್ಟೆ. ಭಾನುವಾರಕ್ಕೆ ಯಾರು ಬರಬೇಕು, ಬೀಗದ ಕೈ ಎಲ್ಲಿಡಬೇಕು, ಕರೆಂಟ್ ಹೋದರೆ ಯಾವ ಫ್ರಿಜ್‌ಗೆ ಸಾಗಿಸಬೇಕು, ಅದನ್ನು ಕೂತು ಅವನ ಜೊತೆಯಲ್ಲೇ ಬರೆದೆ.

ಭಾನುವಾರ ಬೀಗದ ಕೈ ಯಾರ ಹತ್ತಿರ ಅಂತ ಕೇಳಬೇಕು ಅನ್ನುವುದು ಯಾವ ಡಿಪ್ಲೊಮಾದಲ್ಲೂ ಬರಲ್ಲ. ಆ ಹುಡುಗನ ಜಾಗದಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ, ಅದಕ್ಕೇ ನನಗೆ ಹೊಳೆಯಿತು. ಕಂಪನಿಗಳು ಅನುಭವ ಕೇಳುವುದೂ ಇದಕ್ಕೇ.

ನಾನು 2012ರಲ್ಲಿ ಒಂದು ಆಸ್ಪತ್ರೆಯಲ್ಲಿ ಕೋಆರ್ಡಿನೇಟರ್ ಆಗಿ ಸೇರಿದೆ. ಎಕ್ಸ್‌ರೇ ರೂಮಿನ ಪಕ್ಕದ ಸಣ್ಣ ಕೋಣೆ, ಎರಡು ಬೀರು, ಒಂದು ಫ್ಯಾನು. ಮೂರನೇ ವಾರ ಒಬ್ಬ ರೋಗಿಯ ಬಿಪಿ ತಪ್ಪು ಬರೆದು ವೈಟ್ನರ್ ಹಚ್ಚಿ ಸರಿ ಮಾಡಿದೆ. ಬಹಳ ನೀಟಾಗಿ ಹಚ್ಚಿದ್ದೆ, ಅದು ಬೇರೆ! ಮಾನಿಟರಿಂಗ್‌ಗೆ ಬಂದ ಸಿಆರ್‌ಎ ಏನೂ ಮಾತಾಡಲಿಲ್ಲ. ಆ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕೆಳಗಿದ್ದ ಅಂಕಿ ಕಾಣಿಸಿತು. ‘ಈಗ ಇದು 138ರಿಂದ 128 ಯಾಕಾಯಿತು, ಯಾವಾಗ ಆಯಿತು, ಯಾರು ಮಾಡಿದರು, ನನಗೆ ಹೇಗೆ ಗೊತ್ತಾಗಬೇಕು?’ ಅಂತ ಕೇಳಿದರು. ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಹಳೆಯದು ಓದುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದು, ಇನಿಷಿಯಲ್, ತಾರೀಖು. ಪುಸ್ತಕದಲ್ಲಿ ಇದನ್ನು ಆಲ್ಕೋವಾ ಅಂತಾರೆ: ಬರೆದವರು ಯಾರು ಅಂತ ತಿಳಿಯಬೇಕು, ಓದಲು ಬರಬೇಕು, ಆಗಿಂದಾಗಲೇ ಬರೆದಿರಬೇಕು, ಮೂಲ ಪ್ರತಿ ಆಗಿರಬೇಕು, ಸರಿ ಇರಬೇಕು. ನಾನು ಕಲಿತದ್ದು ಆ ಕಿಟಕಿ ಹತ್ತಿರ.

ಹಾಗಾಗಿ ನನ್ನ ಸಲಹೆ ಒಂದೇ. ಒಂದು ವರ್ಷ, ಸಾಧ್ಯವಾದರೆ ಒಂದೂವರೆ ವರ್ಷ, ಸಿಆರ್‌ಸಿ ಆಗಿ ಕೆಲಸ ಮಾಡಿ. ಸಂಬಳ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಕೈಯಲ್ಲಿ ಜಾಸ್ತಿ ಉಳಿಯುವುದಿಲ್ಲ. ಆದರೆ ಒಂದೂಕಾಲು ಲಕ್ಷ ಕೊಟ್ಟು ಕಲಿಯುವುದರ ಬದಲು ಸ್ವಲ್ಪವಾದರೂ ಸಂಬಳ ತಗೊಂಡು ಕಲಿಯುತ್ತೀರಿ. ಆಸ್ಪತ್ರೆಗಳು ನೇರವಾಗಿ ತೆಗೆದುಕೊಳ್ಳುತ್ತವೆ. ಎಸ್‌ಎಂಒ ಅನ್ನುವ ಕಂಪನಿಗಳೂ ಇವೆ. ಅವರು ಕೋಆರ್ಡಿನೇಟರ್‌ಗಳನ್ನು ನೇಮಿಸಿಕೊಂಡು ಆಸ್ಪತ್ರೆಗಳಿಗೆ ಕಳಿಸುತ್ತಾರೆ. ಇನ್ನೊಂದು ದಾರಿ ಸಿಆರ್‌ಒದಲ್ಲಿ ಸಿಟಿಎ, ಅಂದರೆ ಕ್ಲಿನಿಕಲ್ ಟ್ರಯಲ್ ಅಸಿಸ್ಟೆಂಟ್ ಆಗುವುದು. ಅದು ಆಫೀಸಿನಲ್ಲಿ ಕೂತು ಟ್ರಯಲ್‌ನ ದಾಖಲೆ ಜೋಡಿಸುವ ಕೆಲಸ. ಸಿಕ್ಕರೆ ಬಿಡಬೇಡಿ, ಅಲ್ಲಿಂದಲೂ ಸಿಆರ್‌ಎ ಆಗುತ್ತಾರೆ. ನನ್ನನ್ನು ಕೇಳಿದರೆ ಸೈಟ್‌ನಿಂದ ಬಂದವರ ಕಣ್ಣೇ ಬೇರೆ. ಇದು ನನ್ನ ಪಕ್ಷಪಾತ ಅಂತ ಬೇಕಾದರೆ ಅಂದುಕೊಳ್ಳಿ.

ಕೆಲಸ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಜಾಬ್ ಸೈಟ್‌ಗಳಿಗಿಂತ ಒಳ್ಳೆಯ ಜಾಗ ಒಂದಿದೆ, ಅದನ್ನು ಹೊಸಬರು ತೆರೆದೇ ನೋಡಿರುವುದಿಲ್ಲ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, ಸಿಟಿಆರ್‌ಐ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2007ರಲ್ಲಿ ಶುರು ಮಾಡಿದ ಸರ್ಕಾರಿ ವೆಬ್‌ಸೈಟು. 2009ರ ಜೂನ್ 15ರಿಂದ ಔಷಧಿ ಟ್ರಯಲ್ ಶುರು ಮಾಡುವ ಮೊದಲೇ ಅಲ್ಲಿ ನೋಂದಾಯಿಸುವುದು ಕಡ್ಡಾಯ. ಯಾರು ಬೇಕಾದರೂ ನೋಡಬಹುದು, ಪುಕ್ಕಟೆ. ಪ್ರತಿ ಟ್ರಯಲ್‌ಗೂ ಯಾವ ಔಷಧಿ, ಯಾರು ಸ್ಪಾನ್ಸರ್, ಯಾವ ಯಾವ ಆಸ್ಪತ್ರೆ, ಪಿಐ ಯಾರು, ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರಾ ಇಲ್ಲವಾ, ಎಲ್ಲ ಇರುತ್ತದೆ.

ಅಲ್ಲಿ ಹುಡುಕುವಾಗ ಒಂದು ಉಪಾಯ. ಪಿಜಿ ವಿದ್ಯಾರ್ಥಿಗಳ ಥೀಸಿಸ್‌ಗಳೂ ರಾಶಿ ರಾಶಿ ಇರುತ್ತವೆ. ‘ಪೋಸ್ಟ್ ಗ್ರಾಜುಯೇಟ್ ಥೀಸಿಸ್’ ಅನ್ನುವ ಕಡೆ ಹೌದು ಅಂತಿದ್ದರೆ ಬಿಟ್ಟುಬಿಡಿ, ಅಲ್ಲಿ ನಿಮಗೆ ಸಂಬಳ ಕೊಡುವವರು ಇರುವುದಿಲ್ಲ. ಸ್ಪಾನ್ಸರ್ ಔಷಧಿ ಕಂಪನಿ ಆಗಿದ್ದು, ಇನ್ನೂ ರೋಗಿಗಳನ್ನು ಸೇರಿಸಿಕೊಳ್ಳುತ್ತಿರುವ ಟ್ರಯಲ್‌ಗಳನ್ನು ಆರಿಸಿ. ಸೈಟ್‌ಗಳ ಪಟ್ಟಿಯಲ್ಲಿ ಕರ್ನಾಟಕದ ಆಸ್ಪತ್ರೆಗಳನ್ನು ಬರೆದುಕೊಳ್ಳಿ. ಬೆಂಗಳೂರು, ಮೈಸೂರು, ಬೆಳಗಾವಿ, ಮಣಿಪಾಲ, ಮಂಗಳೂರು ಸಿಗುತ್ತವೆ. ನಿಮ್ಮ ಊರಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ, ಅವುಗಳ ಹೆಸರು ಹಾಕಿಯೂ ನೋಡಿ. ಊರಲ್ಲೇ ಸಿಕ್ಕರೆ ಬಾಡಿಗೆ ಉಳಿಯಿತು. ಒಂದೇ ಹೆಸರು ಐದಾರು ಟ್ರಯಲ್‌ನಲ್ಲಿ ಬಂದರೆ ಆ ಡಾಕ್ಟರ ಹತ್ತಿರ ಕೋಆರ್ಡಿನೇಟರ್ ತಂಡ ಇದ್ದೇ ಇರುತ್ತದೆ. ಆ ವಿಭಾಗಕ್ಕೆ ಹೋಗಿ, ಡಾಕ್ಟರನ್ನೇ ಕಾಯಬೇಡಿ, ರಿಸರ್ಚ್ ಕೋಆರ್ಡಿನೇಟರ್ ಯಾರು ಅಂತ ಕೇಳಿ. ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ಹೋಗಿ. ಬೆಳಗ್ಗೆ ಹೋದರೆ ನಿಮ್ಮ ಮುಖ ನೋಡುವುದಕ್ಕೂ ಅವರಿಗೆ ಪುರಸೊತ್ತು ಇರಲ್ಲ.

ಹೋಗುವ ಮೊದಲು ಓದಿಕೊಳ್ಳಬೇಕಾದದ್ದು ಬಹಳ ಇಲ್ಲ. ಜಿಸಿಪಿ, ಅಂದರೆ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಟ್ರಯಲ್ ಸರಿಯಾಗಿ ನಡೆಸುವ ನಿಯಮಗಳು. ಅದರ ಸರ್ಟಿಫಿಕೇಟ್ ಇಲ್ಲದೆ ಟ್ರಯಲ್ ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ನೈಡಾದ (NIDA) ಆನ್‌ಲೈನ್ ಜಿಸಿಪಿ ಕೋರ್ಸ್ ಪುಕ್ಕಟೆ ಇದೆ. ಎರಡು ಮೂರು ಸಂಜೆ ಕೂತರೆ ಮುಗಿಯುತ್ತದೆ, ಸರ್ಟಿಫಿಕೇಟೂ ಬರುತ್ತದೆ. ಆಮೇಲೆ ಔಷಧಿಗಳ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ ಇ6, ಅದೇ ಜಿಸಿಪಿ ಮಾರ್ಗಸೂಚಿ. 2025ರ ಜನವರಿಯಲ್ಲಿ ಅದರ ಆರ್3 ಆವೃತ್ತಿ ಅಂತಿಮ ಆಯಿತು. ಹಳೆಯ ಆರ್2 ನೋಟ್ಸ್ ಮಾತ್ರ ಓದಿಕೊಂಡು ಇಂಟರ್‌ವ್ಯೂಗೆ ಹೋಗಬೇಡಿ. ನಮ್ಮ ದೇಶದ ಕಾನೂನು 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್. ಇಡೀ ಪುಸ್ತಕ ಬೇಡ. ಎಥಿಕ್ಸ್ ಕಮಿಟಿ (ರೋಗಿಗಳ ಹಿತ ಕಾಯಲು ಟ್ರಯಲ್ ಪರಿಶೀಲಿಸುವ ಸಮಿತಿ), ಒಪ್ಪಿಗೆ ಪತ್ರ, ಎಸ್‌ಎಇ, ಪರಿಹಾರ, ಈ ನಾಲ್ಕು ಭಾಗ ಸಾಕು. ಎಸ್‌ಎಇ ಅಂದರೆ ಗಂಭೀರ ತೊಂದರೆ. ಆದಾಗ ಪಿಐ 24 ಗಂಟೆಯೊಳಗೆ ಕೇಂದ್ರ ಔಷಧ ನಿಯಂತ್ರಕರಿಗೆ, ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ ತಿಳಿಸಬೇಕು. ಪೂರ್ತಿ ವಿಶ್ಲೇಷಣೆಯ ವರದಿ 14 ದಿನದೊಳಗೆ ಹೋಗಬೇಕು. ಈ ಎರಡು ಅಂಕಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ‘ಸೀವಿಯರ್’ ಬೇರೆ, ‘ಸೀರಿಯಸ್’ ಬೇರೆ. ತಲೆ ಸಿಡಿಯುವಷ್ಟು ನೋವು ಬಂದು ಮನೆಯಲ್ಲೇ ಮಲಗಿ ವಾಸಿಯಾದರೆ ಅದು ಸೀವಿಯರ್, ಆದರೆ ಸೀರಿಯಸ್ ಅಲ್ಲ. ಅದೇ ರೋಗಿ ಸಾಧಾರಣ ವಾಂತಿಭೇದಿಗೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಸೀರಿಯಸ್, 24 ಗಂಟೆಯ ಗಡಿಯಾರ ಶುರು. ಸಾವು, ಜೀವಕ್ಕೆ ಅಪಾಯ, ಆಸ್ಪತ್ರೆಗೆ ಸೇರುವುದು, ಅಂಗವೈಕಲ್ಯ, ಹುಟ್ಟುವ ಮಗುವಿಗೆ ದೋಷ, ಹೀಗೆ ಪಟ್ಟಿ ಇದೆ. ನೋವು ಎಷ್ಟು ಅಂತ ಅದು ಕೇಳುವುದಿಲ್ಲ.

ವಿದೇಶಿ ಸಂಸ್ಥೆಗಳ ಸಿಸಿಆರ್‌ಎ, ಸಿಸಿಆರ್‌ಪಿ ಸರ್ಟಿಫಿಕೇಟ್‌ಗಳ ಬಗ್ಗೆ ಯಾರಾದರೂ ಹೇಳಿದರೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಅವು ಕೆಲಸ ಮಾಡಿದ ಅನುಭವ ಇದ್ದವರಿಗೆ.

ಇಂಟರ್‌ವ್ಯೂ ವಿಷಯ. ನಾನು ಹೊಸಬರಿಗೆ ಕೇಳುವ ಪ್ರಶ್ನೆ ಇದು: ಫೈಲಿನಲ್ಲಿ ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ತಾರೀಖು 12. ಟ್ರಯಲ್‌ಗೆ ರಕ್ತ ತೆಗೆದ ತಾರೀಖು 11. ಏನು ಮಾಡುತ್ತೀರಿ? ಹತ್ತರಲ್ಲಿ ಆರು ಜನ ‘ತಾರೀಖು ಸರಿ ಮಾಡಿಸುತ್ತೇನೆ’ ಅಂತಾರೆ. ಅಲ್ಲಿಗೆ ಅವರ ಕತೆ ಮುಗಿಯಿತು. ನಾನು ಕಾಯುವ ಉತ್ತರ ಬೇರೆ. ಮೊದಲು ನೋಡಬೇಕು. 11ಕ್ಕೂ ಮೊದಲು ಹಳೆಯ ಆವೃತ್ತಿಯ ಪತ್ರಕ್ಕೆ ಸಹಿ ಹಾಕಿದ್ದಾರಾ? ಆ ರಕ್ತ ಪರೀಕ್ಷೆ ಟ್ರಯಲ್‌ಗಾ, ಇಲ್ಲ ಮಾಮೂಲಿ ಚಿಕಿತ್ಸೆಗಾ? ಓಪಿಡಿ ಚೀಟಿಯಲ್ಲಿ ಡಾಕ್ಟರು ಏನು ಬರೆದಿದ್ದಾರೆ? ಲ್ಯಾಬ್ ರಿಪೋರ್ಟಿನಲ್ಲಿ ಸಮಯ ಏನಿದೆ? ನಿಜವಾಗಿಯೂ ಒಪ್ಪಿಗೆಗೆ ಮೊದಲೇ ಸೂಜಿ ಚುಚ್ಚಿದ್ದರೆ ಅದು ದೊಡ್ಡ ತಪ್ಪು. ಪಿಐಗೆ ಹೇಳಬೇಕು, ರಿಪೋರ್ಟ್‌ನಲ್ಲಿ ಬರೆಯಬೇಕು, ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ ತಿಳಿಯಬೇಕು. ಮತ್ತೆ, ಇದನ್ನು ಹೇಳಿದವರನ್ನು ನಾನು ಕೆಲಸಕ್ಕೆ ತೆಗೆದುಕೊಳ್ಳದೆ ಬಿಡುವುದಿಲ್ಲ: ಆ ಸೈಟ್‌ನ ಉಳಿದ ಎಲ್ಲ ರೋಗಿಗಳ ಪತ್ರವನ್ನೂ ಅವತ್ತೇ ನೋಡಬೇಕು. ಒಂದು ಕಡೆ ಆಗಿದ್ದು ಇನ್ನೊಂದು ಕಡೆಯೂ ಆಗಿರುತ್ತದೆ.

ಒಪ್ಪಿಗೆಗೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಇತಿಹಾಸ ಇದೆ. ಬಡ ರೋಗಿಗಳನ್ನು ಸರಿಯಾಗಿ ತಿಳಿಸದೆ ಟ್ರಯಲ್‌ಗೆ ಸೇರಿಸುತ್ತಿದ್ದಾರೆ ಅಂತ ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಕೋರ್ಟ್ ಬಿಗಿ ಮಾಡಿತು. ಹೊಸ ಟ್ರಯಲ್‌ಗಳು ಕಡಿಮೆಯಾದವು. ಕೆಲಸಕ್ಕೆ ಸೇರಿ ವರ್ಷ ತುಂಬಿದ್ದ ನನಗೆ ಹೊಟ್ಟೆಯಲ್ಲಿ ಚಿಟ್ಟೆ ಅಲ್ಲ, ಚೇಳೇ ಹರಿದಾಡಿತು. ಈಗ ಹಿಂದಿರುಗಿ ನೋಡಿದರೆ ಆ ಬಿಗಿ ಬೇಕಿತ್ತು ಅನ್ನಿಸುತ್ತದೆ. ದುರ್ಬಲ ಸ್ಥಿತಿಯಲ್ಲಿರುವವರನ್ನು ಹೊಸ ಅಣುವಿನ ಔಷಧಿಯ ಟ್ರಯಲ್‌ಗೆ ಸೇರಿಸುವಾಗ ಒಪ್ಪಿಗೆಯ ವಿಡಿಯೋ ರೆಕಾರ್ಡಿಂಗ್ ಮಾಡಬೇಕು ಅನ್ನುವ ನಿಯಮಕ್ಕೂ ಆ ಕೇಸೇ ಮೂಲ.

ಇನ್ನು ಅಮ್ಮನ ಭಯ. ಅಮ್ಮ ಹೇಳುವುದರಲ್ಲಿ ಸುಳ್ಳಿಲ್ಲ. ಕೈಯಲ್ಲಿ ಎಂಟು ಹತ್ತು ಸೈಟ್ ಇದ್ದರೆ ತಿಂಗಳಲ್ಲಿ ಅರ್ಧದಷ್ಟು ದಿನಗಳು ರೈಲು, ಬಸ್ಸು, ಲಾಡ್ಜು. ಕೋವಿಡ್ ನಂತರ ಆನ್‌ಲೈನಲ್ಲೇ ನೋಡುವ ಮಾನಿಟರಿಂಗ್ ಜಾಸ್ತಿಯಾಗಿದೆ, ಆದರೂ ನಮ್ಮಲ್ಲಿ ಎಷ್ಟೋ ಆಸ್ಪತ್ರೆಗಳ ಫೈಲು ಇನ್ನೂ ಕಾಗದದ್ದೇ, ಹೋಗಲೇಬೇಕು. ಟಿಕೆಟ್, ಹೋಟೆಲ್ ಕಂಪನಿಯದ್ದು. ರಾತ್ರಿ ತಡವಾಗಿ ಇಳಿಯುವ ರೈಲು ಬೇಡ, ಬೆಳಗಿನದ್ದು ಹಾಕಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ನಾನು ಮೊದಲ ಎರಡು ವರ್ಷ ಕೇಳದೇ ಒದ್ದಾಡಿದೆ. ಮೊದಲ ವರ್ಷ ಸಿಆರ್‌ಸಿ ಆಗಿ ಒಂದೇ ಆಸ್ಪತ್ರೆಯಲ್ಲಿ ಇರುತ್ತೀರಿ, ಓಡಾಟ ಇಲ್ಲ ಅಂತ ಅಮ್ಮನಿಗೆ ಹೇಳಿ. ಅಷ್ಟರಲ್ಲಿ ನಿಮಗೂ ಗೊತ್ತಾಗುತ್ತದೆ.

ಓಡಾಟ ಆಗಲ್ಲ ಅಂತ ಅನ್ನಿಸಿದರೆ ಫಾರ್ಮಕೋವಿಜಿಲೆನ್ಸ್ ಇದೆ, ಅಂದರೆ ಔಷಧಿಗಳ ಅಡ್ಡಪರಿಣಾಮದ ವರದಿಗಳನ್ನು ನೋಡುವ ಕೆಲಸ. ಕೂತು ಮಾಡುವ ಕೆಲಸ, ಬೆಂಗಳೂರಲ್ಲಿ ಫ್ರೆಶರ್‌ಗಳಿಗೂ ಸಿಗುತ್ತದೆ. ಆದರೆ ಅಲ್ಲಿ ಮೂರು ವರ್ಷ ಕಳೆದು ಸಿಆರ್‌ಎಗೆ ಬರುತ್ತೇನೆ ಅಂದರೆ ಮತ್ತೆ ಮೊದಲಿಂದ ಶುರು ಮಾಡಿದ ಹಾಗೇ.

ಇಂಗ್ಲಿಷ್ ಬಗ್ಗೆ ಕೊನೆಗೆ ಇಟ್ಟುಕೊಂಡೆ. ರಿಪೋರ್ಟ್ ಇಂಗ್ಲಿಷಿನಲ್ಲೇ ಬರೆಯಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆದರೆ ಅದು ಭಾಷಣದ ಇಂಗ್ಲಿಷ್ ಅಲ್ಲ. ಯಾವ ರೋಗಿ, ಯಾವ ಪುಟ, ಏನು ಕಂಡಿತು, ಏನು ಮಾಡಬೇಕು, ಯಾವ ತಾರೀಖಿನೊಳಗೆ. ದಿನಕ್ಕೆ ಹೀಗೆ ಹತ್ತು ಸಾಲು ಬರೆದರೆ ಮೂರು ತಿಂಗಳಲ್ಲಿ ಕೈ ಪಳಗುತ್ತದೆ. ತಾರೀಖು ಬರೆಯುವಾಗ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 03/04 ಅಂದರೆ ನಮಗೆ ಏಪ್ರಿಲ್, ಅಮೆರಿಕದವರಿಗೆ ಮಾರ್ಚ್.

ನೀವು ಕೊರತೆ ಅಂದುಕೊಂಡ ಕನ್ನಡವನ್ನು ನಾನು ಬೇರೆ ಥರ ನೋಡುತ್ತೇನೆ. ಒಪ್ಪಿಗೆ ಪತ್ರ ರೋಗಿಯ ಭಾಷೆಯಲ್ಲೇ ಇರಬೇಕು. ಎಷ್ಟೋ ಕನ್ನಡ ಪತ್ರಗಳಲ್ಲಿ ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಅಂತ ಇರುತ್ತದೆ. ಓದಿ ಹೇಳಿದ್ದನ್ನು ಕೇಳಿ ಹಿರಿಯೂರು ಕಡೆಯ ಒಬ್ಬ ಅಜ್ಜ ನಮ್ಮ ಮುಖ ನೋಡಿದರು. ಕೋಆರ್ಡಿನೇಟರ್ ಹುಡುಗಿ ‘ಚೀಟಿ ಎತ್ತಿದ ಹಾಗೆ ಅಜ್ಜ. ನಿಮಗೆ ಹೊಸ ಔಷಧಿ ಬರಬಹುದು, ಔಷಧಿ ಇಲ್ಲದ ಬರೀ ಗುಳಿಗೆಯೂ ಬರಬಹುದು. ಯಾವುದು ಬಂತು ಅಂತ ಡಾಕ್ಟ್ರಿಗೂ ಗೊತ್ತಿರಲ್ಲ’ ಅಂದಳು. ‘ಡಾಕ್ಟ್ರಿಗೂ ಗೊತ್ತಿಲ್ವಾ? ಹಂಗಾರೆ ನಾನು ಮಗನ್ನ ಕೇಳಿ ಬರ್ತೀನಿ’ ಅಂತ ಅಜ್ಜ ಎದ್ದು ಹೋದರು. ಒಪ್ಪಿಗೆ ಅಂದರೆ ಅದೇ, ಅರ್ಥ ಆಗಿದ್ದಕ್ಕೇ ಎದ್ದು ಹೋದರು. ಬಾಯಲ್ಲಿ ಹೀಗೆ ಬಿಡಿಸಿ ಹೇಳಬಹುದು. ಆದರೆ ಪತ್ರದ ಒಂದು ಪದ ಬದಲಿಸಬೇಕಾದರೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಹೊಸ ಆವೃತ್ತಿ ಸಂಖ್ಯೆ ಬೇಕು. ಇನ್ನೊಂದು ಸೈಟ್‌ನಲ್ಲಿ ಹೆಬ್ಬೆಟ್ಟು ಒತ್ತಿದ ಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ್ದವರು ಅದೇ ಟ್ರಯಲ್‌ನ ನರ್ಸ್. ಸಾಕ್ಷಿ ಹೊರಗಿನವರಾಗಿರಬೇಕು. ಆ ಪತ್ರಗಳು ಕನ್ನಡದಲ್ಲಿದ್ದವು. ನನಗಿಂತ ಮುಂಚೆ ಬಂದ ಸಿಆರ್‌ಎಗೆ ಕನ್ನಡ ಬರುತ್ತಿರಲಿಲ್ಲ. ಹೆಸರು ಓದಲಾಗದೆ ಎರಡು ವಿಸಿಟ್ ಹಾಗೇ ದಾಟಿಹೋಗಿತ್ತು.

ರೆಸ್ಯುಮೆಯಲ್ಲಿ ಕನ್ನಡವನ್ನು ಕೊನೆಯ ಪುಟದಲ್ಲಿ ಹವ್ಯಾಸಗಳ ಪಕ್ಕ ಹಾಕಬೇಡಿ. ಮೊದಲ ಪುಟದಲ್ಲಿ, ಡಿಗ್ರಿಯ ಕೆಳಗೇ ಬರೆಯಿರಿ. ಓದಲು, ಬರೆಯಲು, ಮಾತಾಡಲು ಬರುತ್ತದೆ ಅಂತ ಮೂರನ್ನೂ ಬಿಡಿಸಿ ಬರೆಯಿರಿ.